ಮಕ್ಕಳಿಗಾಗಿ ಫ್ಯಾಮಿಲಿ ಕೋರ್ಟ್ ಬದಲಾಗಬೇಕಾದರೆ ಯಾರೆಲ್ಲ ಒಟ್ಟಿಗೆ ಕೂರಬೇಕು?

ಅಪ್ಪ ಅಮ್ಮ ಬೇರೆಯಾಗುವ ಪ್ರಕರಣದಲ್ಲಿ ಕೋರ್ಟಿನ ಮುಂದೆ ಇಬ್ಬರು ಇರುತ್ತಾರೆ. ಇಬ್ಬರಿಗೂ ವಕೀಲರಿರುತ್ತಾರೆ. ಇಬ್ಬರ ಅಫಿಡವಿಟ್ಟೂ ಫೈಲಿನಲ್ಲಿರುತ್ತದೆ. ಆದರೆ ಆ ಆದೇಶದಿಂದ ಯಾರ ದಿನಚರಿ ಎಲ್ಲರಿಗಿಂತ ಜಾಸ್ತಿ ಬದಲಾಗುತ್ತದೋ ಆ ಮಗು ಬಹಳ ಸಲ ಕೋರ್ಟಿನಲ್ಲಿ ಇರುವುದೇ ಇಲ್ಲ. ರಾತ್ರಿ ಯಾವ ಮನೆಯಲ್ಲಿ ಮಲಗಬೇಕು, ಯಾವ ಶಾಲೆಗೆ ಹೋಗಬೇಕು, ಇನ್ನೊಬ್ಬರನ್ನು ವಾರಕ್ಕೆ ಎಷ್ಟು ಗಂಟೆ ನೋಡಬಹುದು ಎನ್ನುವುದನ್ನೆಲ್ಲ ಬೇರೆಯವರು ತೀರ್ಮಾನಿಸುತ್ತಾರೆ. ಆ ತೀರ್ಮಾನ ಬರುವ ಹೊತ್ತಿಗೆ ಎಷ್ಟೋ ವಾಯಿದೆಗಳು ಕಳೆದಿರುತ್ತವೆ.

ಇದು ಸರಿಯಿಲ್ಲ ಅಂತ ಎಲ್ಲರಿಗೂ ಗೊತ್ತು. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 3ನೇ ವಿಧಿ, ಮಕ್ಕಳಿಗೆ ಸಂಬಂಧಿಸಿದ ಯಾವುದೇ ತೀರ್ಮಾನದಲ್ಲಿ ಮಗುವಿನ ಹಿತಕ್ಕೆ ಮೊದಲ ಗಮನ ಸಿಗಬೇಕು ಅನ್ನುತ್ತದೆ. 12ನೇ ವಿಧಿ, ಮಗುವಿನ ಮಾತು ಕೇಳಬೇಕು ಅನ್ನುತ್ತದೆ. ಹೆಚ್ಚುಕಡಿಮೆ ಎಲ್ಲ ದೇಶಗಳೂ ಇದಕ್ಕೆ ಸಹಿ ಹಾಕಿವೆ. ಹಾಗಿದ್ದೂ ಸುಧಾರಣೆ ಯಾಕೆ ಇಷ್ಟು ನಿಧಾನ? ಕೆಲವೆಡೆ ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಹಿಂದಕ್ಕೆ ಬಂದದ್ದು ಯಾಕೆ? ಬೇರೆ ಬೇರೆ ದೇಶಗಳ ಅನುಭವ ನೋಡಿದರೆ ನನಗೆ ಒಂದು ವಿಷಯ ಎದ್ದು ಕಾಣುತ್ತದೆ. ಕಾನೂನಿನಲ್ಲಿ ಒಂದು ವಾಕ್ಯ ಸೇರಿಸಿ ಸುಮ್ಮನಾದ ಕಡೆ ಮಕ್ಕಳಿಗೆ ಸಿಕ್ಕಿದ್ದು ಕಡಿಮೆ. ಮಗುವಿನ ಸುತ್ತ ಕೆಲಸ ಮಾಡುವವರು ಒಟ್ಟಿಗೆ ಕೂತು, ದಿನದಿನದ ಕೆಲಸದ ರೀತಿಯನ್ನೇ ಬದಲಿಸಿದ ಕಡೆ ಸಿಕ್ಕಿದ್ದು ಜಾಸ್ತಿ. ಆದರೆ ಹಾಗೆ ಒಟ್ಟಿಗೆ ಕೂರುವುದಕ್ಕೂ ಒಂದು ಷರತ್ತು ಬೇಕು. ಮಗುವಿನ ಸುರಕ್ಷತೆ ಚೌಕಾಸಿಯ ವಸ್ತು ಆಗಬಾರದು.

ಕೋರ್ಟ್ ಒಂದರಿಂದಲೇ ಯಾಕೆ ಆಗುವುದಿಲ್ಲ

ಕೋರ್ಟಿಗೆ ಚೆನ್ನಾಗಿ ಬರುವ ಕೆಲಸ ಒಂದಿದೆ. ಹಿಂದೆ ನಡೆದದ್ದು ಏನು, ಯಾರು ಹೇಳುತ್ತಿರುವುದು ನಿಜ ಅಂತ ಸಾಕ್ಷ್ಯ ನೋಡಿ ಹೇಳುವುದು. ಸಾಲದ ಜಗಳಕ್ಕೆ, ಆಸ್ತಿಯ ಜಗಳಕ್ಕೆ ಅಷ್ಟು ಸಾಕು. ಮಗುವಿನ ವಿಷಯದಲ್ಲಿ ಪ್ರಶ್ನೆ ಮುಂದಿನ ಹತ್ತು ವರ್ಷದ್ದು. ಜಗಳವಾಡುತ್ತಿರುವ ಇಬ್ಬರೂ ಆ ಹತ್ತು ವರ್ಷ ಪರಸ್ಪರ ವ್ಯವಹರಿಸಲೇಬೇಕು. ಜ್ವರ ಬಂದಾಗ, ಪರೀಕ್ಷೆ ಬಂದಾಗ, ಶಾಲೆ ಬದಲಿಸುವಾಗ ಒಂದು ಮಾತು ಆಡಲೇಬೇಕು. ಆದರೆ ಕೋರ್ಟಿನ ವಿಧಾನ ಇಬ್ಬರಿಗೂ ಹೇಳಿಕೊಡುವುದು ಅದಕ್ಕೆ ತದ್ವಿರುದ್ಧ. ಇನ್ನೊಬ್ಬರು ಎಷ್ಟು ಕೆಟ್ಟವರು ಅಂತ ಬರೆದುಕೊಂಡು ಬಂದಷ್ಟೂ ಕೇಸು ಗಟ್ಟಿ.

ಮಕ್ಕಳನ್ನು ಕುಗ್ಗಿಸುವುದು ಅಪ್ಪ ಅಮ್ಮ ಬೇರೆಯಾದರು ಅನ್ನುವ ಸಂಗತಿಗಿಂತ ಅವರ ನಡುವೆ ಮುಗಿಯದೇ ಉಳಿಯುವ ಕಿತ್ತಾಟ ಅಂತ ಮನಶ್ಶಾಸ್ತ್ರದ ಸಂಶೋಧನೆಗಳು ದಶಕಗಳಿಂದ ಹೇಳುತ್ತಿವೆ. ಅಂದರೆ ಕಿತ್ತಾಟವನ್ನು ಉದ್ದ ಮಾಡುವ ವಿಧಾನವೇ ಮಗುವಿಗೆ ಹಾನಿ ಮಾಡಬಲ್ಲದು.

ಇನ್ನು ಸಮಯ. ದೊಡ್ಡವರಿಗೆ ಆರು ತಿಂಗಳು ಅಂದರೆ ಎರಡು ಮೂರು ವಾಯಿದೆ. ನಾಲ್ಕು ವರ್ಷದ ಮಗುವಿಗೆ ಅದು ಬದುಕಿದ್ದರಲ್ಲಿ ಎಂಟನೇ ಒಂದು ಭಾಗ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1989ರ ಮಕ್ಕಳ ಕಾಯ್ದೆ, ತಡವಾದರೆ ಮಗುವಿನ ಹಿತಕ್ಕೆ ಧಕ್ಕೆ ಅಂತ ಮೊದಲ ಕಲಮಿನಲ್ಲೇ ಹೇಳುತ್ತದೆ. ಆದರೂ 2023, 2024ರಲ್ಲಿ ಅಲ್ಲಿ ಅಪ್ಪ ಅಮ್ಮಂದಿರ ನಡುವಿನ ಮಕ್ಕಳ ಪ್ರಕರಣಗಳು ಮುಗಿಯಲು ಸರಾಸರಿ 40 ವಾರಕ್ಕೂ ಹೆಚ್ಚು ಬೇಕಾಗುತ್ತಿತ್ತು. ಕಾನೂನಿನಲ್ಲಿ ಬರೆದಿಟ್ಟ ಮಾತ್ರಕ್ಕೆ ತಡ ನಿಲ್ಲುವುದಿಲ್ಲ, ಅಲ್ವಾ?

ಎಲ್ಲಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇದೆ. ಒಂದೇ ಮನೆಯ ವಿಷಯ ಬೇರೆ ಬೇರೆ ಕಚೇರಿಗಳಲ್ಲಿ ಬಿದ್ದಿರುತ್ತದೆ. ಹೊಡೆತದ ದೂರು ಪೊಲೀಸರಲ್ಲಿ. ಮಗು ಮಂಕಾಗಿದೆ ಎನ್ನುವ ಟಿಪ್ಪಣಿ ಶಾಲೆಯಲ್ಲಿ. ಗಾಯದ ದಾಖಲೆ ಆಸ್ಪತ್ರೆಯಲ್ಲಿ. ಕಸ್ಟಡಿ ಅರ್ಜಿ ಫ್ಯಾಮಿಲಿ ಕೋರ್ಟಿನಲ್ಲಿ. ಬ್ರಿಟನ್ನಿನ ಸಂಶೋಧಕಿ ಮೇರಿಯನ್ ಹೆಸ್ಟರ್ ಇದನ್ನು ಮೂರು ಗ್ರಹಗಳು ಅಂತ ಕರೆದರು. ಒಂದು ಮನೆಯೊಳಗಿನ ಹಿಂಸೆಯ ಗ್ರಹ, ಒಂದು ಮಕ್ಕಳ ರಕ್ಷಣೆಯ ಗ್ರಹ, ಇನ್ನೊಂದು ಮಗುವಿನ ಭೇಟಿಯ ಗ್ರಹ. ಪ್ರತಿಯೊಂದಕ್ಕೂ ಬೇರೆ ನಿಯಮ, ಬೇರೆ ಭಾಷೆ. ಮೊದಲ ಗ್ರಹದಲ್ಲಿ ಹೊಡೆದ ಅಪ್ಪ ಅಪರಾಧಿ. ಎರಡನೆಯದರಲ್ಲಿ ಮಗುವನ್ನು ಅವನಿಂದ ಕಾಪಾಡಲಿಲ್ಲ ಅಂತ ತಾಯಿಯನ್ನೇ ಕೇಳುತ್ತಾರೆ. ಮೂರನೆಯದರಲ್ಲಿ ಅದೇ ತಾಯಿಗೆ, ಮಗುವನ್ನು ಅಪ್ಪನ ಬಳಿ ಕಳಿಸು ಅಂತ ಹೇಳುತ್ತಾರೆ. ಮೂರೂ ಕಡೆ ಕೆಲಸ ಮಾಡುವವರು ತಮ್ಮ ಕೆಲಸವನ್ನು ಸರಿಯಾಗೇ ಮಾಡಿರಬಹುದು. ಮಗುವಿನ ಪಾಲಿಗೆ ಮಾತ್ರ ಅದು ಒಂದಕ್ಕೊಂದು ಹೊಂದದ ಮೂರು ಆದೇಶ.

2020ರ ಜೂನ್‌ನಲ್ಲಿ ಇಂಗ್ಲೆಂಡಿನ ತಜ್ಞರ ಸಮಿತಿಯೊಂದು ಇದನ್ನೇ ಅಧಿಕೃತವಾಗಿ ಬರೆಯಿತು. 1,200ಕ್ಕೂ ಹೆಚ್ಚು ಜನ ಮತ್ತು ಸಂಸ್ಥೆಗಳ ಹೇಳಿಕೆ ಪಡೆದ ಸಮಿತಿ ಅದು. ಮಕ್ಕಳಿಗೆ ಅಪಾಯವಿರುವ ಪ್ರಕರಣಗಳಲ್ಲಿ ಕೋರ್ಟು ಎಡವುವುದಕ್ಕೆ ಅದು ನಾಲ್ಕು ಕಾರಣ ಕೊಟ್ಟಿತು. ಏನೇ ಆಗಲಿ ಭೇಟಿ ಇರಲೇಬೇಕು ಎನ್ನುವ ಮನೋಭಾವ, ಎದುರಾಳಿಗಳಂತೆ ವಾದಿಸುವ ಪದ್ಧತಿ, ಹಣ ಮತ್ತು ಜನರ ಕೊರತೆ, ಮತ್ತು ಇಲಾಖೆಗಳು ತಮ್ಮತಮ್ಮ ಪಾಡಿಗೆ ಕೆಲಸ ಮಾಡುವುದು. ನಾಲ್ಕನೆಯದನ್ನು ಓದುಗರು ಬೇಗ ದಾಟಿಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಉಳಿದ ಮೂರನ್ನೂ ಜೀವಂತ ಇಟ್ಟಿರುವುದು ಅದೇ.

ಕೊಖೆಮ್‌ನಲ್ಲಿ ನಡೆದದ್ದು

ಜರ್ಮನಿಯಲ್ಲಿ ಮೊಸೆಲ್ ನದಿ ದಂಡೆಯ ಮೇಲೆ ಕೊಖೆಮ್ ಅಂತ ಒಂದು ಪುಟ್ಟ ಪಟ್ಟಣ ಇದೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ಫ್ಯಾಮಿಲಿ ಕೋರ್ಟ್ ನ್ಯಾಯಾಧೀಶ ಯುರ್ಗೆನ್ ರುಡಾಲ್ಫ್ ಮತ್ತು ಇನ್ನು ಕೆಲವರು ಒಂದು ಗುಂಪು ಕಟ್ಟಿದರು. ಅದರಲ್ಲಿ ಸ್ಥಳೀಯ ವಕೀಲರಿದ್ದರು, ಸರ್ಕಾರದ ಮಕ್ಕಳ ಕಲ್ಯಾಣ ಕಚೇರಿಯವರಿದ್ದರು, ಕೌನ್ಸೆಲಿಂಗ್ ಕೇಂದ್ರದವರಿದ್ದರು, ಕೋರ್ಟಿಗೆ ವರದಿ ಕೊಡುವ ಮನಶ್ಶಾಸ್ತ್ರಜ್ಞರಿದ್ದರು. ತಿಂಗಳು ತಿಂಗಳು ಸೇರುತ್ತಿದ್ದರು. ಕಾನೂನು ಏನೂ ಬದಲಾಗಲಿಲ್ಲ. ಬದಲಾದದ್ದು ಅಭ್ಯಾಸ.

ವಕೀಲರು ಅರ್ಜಿಯಲ್ಲಿ ಎದುರಿನವರನ್ನು ಹೀಯಾಳಿಸುವ ಪುಟಗಟ್ಟಲೆ ಬರಹ ನಿಲ್ಲಿಸಿದರು. ಅರ್ಜಿ ಬಂದ ಕೆಲವೇ ವಾರದಲ್ಲಿ ಮೊದಲ ವಿಚಾರಣೆ ಇಡತೊಡಗಿದರು. ಕಲ್ಯಾಣ ಕಚೇರಿಯವರು ಉದ್ದದ ವರದಿ ಬರೆದು ಕಳಿಸುವ ಬದಲು, ಮೊದಲೇ ಮನೆಯವರನ್ನು ಕಂಡು ವಿಚಾರಣೆಗೆ ತಾವೇ ಬಂದು ಮಾತಾಡಿದರು. ಅಲ್ಲಿ ಒಪ್ಪಂದ ಆಗದಿದ್ದರೆ ಅಪ್ಪ ಅಮ್ಮ ನೇರ ಕೌನ್ಸೆಲಿಂಗ್‌ಗೆ ಹೋಗಬೇಕಿತ್ತು. ಯಾವ ಬಾಗಿಲು ತಟ್ಟಿದರೂ ಎಲ್ಲರೂ ಹೇಳುತ್ತಿದ್ದ ಮಾತು ಒಂದೇ: ನಿಮ್ಮ ಮಗುವಿನ ವ್ಯವಸ್ಥೆಯನ್ನು ನೀವೇ ಕೂತು ಮಾಡಿ, ನಾವು ಜೊತೆಗಿರುತ್ತೇವೆ.

ಈ ಪದ್ಧತಿಯ ಸುದ್ದಿ ದೇಶ ತುಂಬ ಹರಡಿತು. 2009ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಜರ್ಮನಿಯ ಹೊಸ ಕೌಟುಂಬಿಕ ವಿಚಾರಣಾ ಕಾನೂನು, ಮಗುವಿನ ವಾಸ ಮತ್ತು ಭೇಟಿಯ ಪ್ರಕರಣಗಳಲ್ಲಿ ಒಂದು ತಿಂಗಳೊಳಗೆ ಮೊದಲ ವಿಚಾರಣೆ ಆಗಬೇಕು ಅಂತ ಹೇಳಿತು. ಅದರ ಹಿಂದೆ ಕೊಖೆಮ್‌ನ ಪ್ರಭಾವ ಇತ್ತು. ಮೊದಲು ಒಂದು ಊರಿನ ಜನ ಮಾಡಿ ನೋಡಿದರು. ಆಮೇಲೆ ಅದು ಕಾನೂನಾಯಿತು. ಬೇರೆ ಎಷ್ಟೋ ದೇಶಗಳು ಹೋದ ದಾರಿ ಇದಕ್ಕೆ ಉಲ್ಟಾ.

ಕೊಖೆಮ್ ಮಾದರಿಗೆ ಟೀಕೆಯೂ ಬಂತು, ಅದನ್ನು ಮುಚ್ಚಿಡಬಾರದು. ಎಲ್ಲರೂ ಸೇರಿ ಒಪ್ಪಂದ ಮಾಡಿಕೊಳ್ಳಿ ಅಂದಾಗ, ಹೆದರಿ ಮಾತಾಡಲಾಗದವರು ಏನು ಮಾಡಬೇಕು? ಹೊಡೆಯುವವನ ಎದುರು ಕೂತು ಮಗುವಿನ ವೇಳಾಪಟ್ಟಿ ಚರ್ಚಿಸು ಅನ್ನುವುದು ಸಹಾಯವಲ್ಲ, ಒತ್ತಡ. ಜೊತೆಗೆ ಇಂಥ ಒಕ್ಕೂಟ ಕೆಲವೇ ವ್ಯಕ್ತಿಗಳ ಹುರುಪಿನ ಮೇಲೆ ನಿಂತಿರುತ್ತದೆ. ಒಬ್ಬರಿಗೊಬ್ಬರು ಗೊತ್ತಿರುವ ಸಣ್ಣ ಊರಿನಲ್ಲಿ ಆದದ್ದು ಲಕ್ಷಾಂತರ ಜನರಿರುವ ನಗರದಲ್ಲಿ ಹಾಗೇ ಆಗುತ್ತದೆ ಅಂತ ಹೇಳಲಾಗದು. ಎರಡೂ ಟೀಕೆ ನ್ಯಾಯವಾದವು. ಕೊಖೆಮ್ ಕಲಿಸಿದ್ದನ್ನು ತೆಗೆದುಕೊಳ್ಳುವಾಗ ಈ ಎರಡನ್ನೂ ಸರಿಪಡಿಸಿಕೊಂಡೇ ತೆಗೆದುಕೊಳ್ಳಬೇಕು.

ಒಬ್ಬರನ್ನು ಹೊರಗಿಟ್ಟರೆ

ನ್ಯೂಜಿಲೆಂಡ್ 2014ರಲ್ಲಿ ಫ್ಯಾಮಿಲಿ ಕೋರ್ಟನ್ನು ದೊಡ್ಡದಾಗಿ ಬದಲಿಸಿತು. ಜನ ಕೋರ್ಟಿಗೆ ಬರುವುದನ್ನು ಕಡಿಮೆ ಮಾಡಬೇಕು, ಖರ್ಚು ಉಳಿಸಬೇಕು ಅನ್ನುವುದು ಗುರಿ. ಮೊದಲು ಕೋರ್ಟಿನ ಹೊರಗೇ ರಾಜಿ ಮಾತುಕತೆ ಆಗಬೇಕು. ಮಾಮೂಲಿ ಪ್ರಕರಣಗಳ ಆರಂಭದ ಹಂತದಲ್ಲಿ ವಕೀಲರು ಬರುವಂತಿಲ್ಲ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ತುರ್ತು ಅರ್ಜಿಗಳಿಗೆ ಈ ನಿರ್ಬಂಧ ಇರಲಿಲ್ಲ. ಅಲ್ಲಿ ವಕೀಲರು ಬರಬಹುದಿತ್ತು. ಹಾಗಾಗಿ ಜನ ಆ ಬಾಗಿಲಿನ ಕಡೆ ತಿರುಗಿದರು. ಎದುರಿನವರಿಗೆ ನೋಟಿಸ್ ಇಲ್ಲದೆ ಸಲ್ಲಿಸುವ ತುರ್ತು ಅರ್ಜಿಗಳೇ ಬಹುಪಾಲು ಆದವು. ನಿಜವಾಗಿ ತುರ್ತಿದ್ದ ಮಕ್ಕಳ ಪ್ರಕರಣ ಆ ರಾಶಿಯಲ್ಲಿ ಹೂತುಹೋಯಿತು. ಮಾಮೂಲಿ ಅರ್ಜಿ ಹಾಕಿದವರ ಸರದಿ ಇನ್ನೂ ಹಿಂದಕ್ಕೆ ಹೋಯಿತು. 2019ರಲ್ಲಿ ಸ್ವತಂತ್ರ ಸಮಿತಿಯೊಂದು ಇದನ್ನೆಲ್ಲ ಪರಿಶೀಲಿಸಿ ವರದಿ ಕೊಟ್ಟಿತು. 2020ರಲ್ಲಿ ವಕೀಲರಿಗೆ ಮತ್ತೆ ಬಾಗಿಲು ತೆರೆಯಿತು.

ವಕೀಲರನ್ನು ಸಮಸ್ಯೆ ಅಂತ ನೋಡುವುದು ಸುಲಭ. ಜಗಳ ಬೆಳೆಸುವ ವಕೀಲರು ಇದ್ದಾರೆ, ಸುಳ್ಳಲ್ಲ. ಆದರೆ ಇದೇ ವೃತ್ತಿಯ ಒಳಗಿಂದ ಬಂದ ಸುಧಾರಣೆಗಳನ್ನೂ ನೋಡಬೇಕು. ಇಂಗ್ಲೆಂಡಿನಲ್ಲಿ 1982ರಲ್ಲಿ ಕೌಟುಂಬಿಕ ವಕೀಲರು ತಾವೇ ಒಂದು ಸಂಘ ಕಟ್ಟಿ, ಪ್ರಚೋದಿಸುವ ಪತ್ರ ಬರೆಯುವುದಿಲ್ಲ, ಮಕ್ಕಳ ಹಿತ ಮೊದಲು ಎಂದು ನೀತಿಸಂಹಿತೆ ಮಾಡಿಕೊಂಡರು. ಈಗ ಅದರ ಹೆಸರು ರೆಸಲ್ಯೂಷನ್. ಅಮೆರಿಕದ ಮಿನೆಸೋಟದಲ್ಲಿ 1990ರಲ್ಲಿ ಸ್ಟುವರ್ಟ್ ವೆಬ್ ಎಂಬ ವಕೀಲರು ಇನ್ನೂ ಮುಂದೆ ಹೋದರು. ನಾನು ರಾಜಿಗೆ ಮಾತ್ರ ಕೆಲಸ ಮಾಡುತ್ತೇನೆ, ಪ್ರಕರಣ ಕೋರ್ಟಿಗೆ ಹೋದರೆ ಹಿಂದೆ ಸರಿಯುತ್ತೇನೆ ಅಂದರು. ಆ ಪದ್ಧತಿ ಬೇರೆ ದೇಶಗಳಿಗೂ ಹಬ್ಬಿತು. ವಕೀಲರನ್ನು ಹೊರಗಿಟ್ಟು ಮಾಡಿದ ಸುಧಾರಣೆ ಆರು ವರ್ಷದಲ್ಲಿ ವಾಪಸ್ ಬಂತು. ವಕೀಲರೇ ಶುರು ಮಾಡಿದ ಈ ಎರಡೂ ಇಂದಿಗೂ ಬದುಕಿವೆ.

ತಂದೆಯರ ಸಂಘ, ತಾಯಂದಿರ ಸಂಘ

ಈಗ ಎಲ್ಲಕ್ಕಿಂತ ಕಷ್ಟದ ಜಾಗಕ್ಕೆ ಬರೋಣ. ಫ್ಯಾಮಿಲಿ ಕೋರ್ಟ್ ಸುಧಾರಣೆ ಅಂದಕೂಡಲೇ ಎರಡು ಬಣಗಳು ಎದ್ದು ನಿಲ್ಲುತ್ತವೆ. ಒಂದು ಬಣದಲ್ಲಿ ಮಗುವನ್ನು ನೋಡಲಾಗದ ಪೋಷಕರು, ಹೆಚ್ಚಾಗಿ ತಂದೆಯರು. ಕೋರ್ಟು ಭೇಟಿಗೆ ಆದೇಶ ಕೊಟ್ಟಿದೆ, ಆದರೆ ಹೋದಾಗಲೆಲ್ಲ ಮನೆಗೆ ಬೀಗ. ವರ್ಷ ಕಳೆಯುವಷ್ಟರಲ್ಲಿ ಮಗು ಗುರುತೇ ಹಿಡಿಯುವುದಿಲ್ಲ. ಇನ್ನೊಂದು ಬಣದಲ್ಲಿ ಹಿಂಸೆಯಿಂದ ಪಾರಾಗಿ ಬಂದವರು, ಹೆಚ್ಚಾಗಿ ತಾಯಂದಿರು. ಹೊಡೆದವನ ಬಳಿಗೇ ಮಗುವನ್ನು ಕಳಿಸು ಅಂತ ಆದೇಶ ಬಂದಿದೆ. ಕಳಿಸದಿದ್ದರೆ ಮಗುವನ್ನೇ ಕಳೆದುಕೊಳ್ಳುವ ಭಯ. ಈ ಎರಡೂ ನೋವು ನಿಜ. ಒಂದನ್ನು ಸುಳ್ಳು ಅಂದು ಇನ್ನೊಂದನ್ನು ಗೆಲ್ಲಿಸಲು ಹೊರಟಲ್ಲಿ ಸುಧಾರಣೆ ದಾರಿ ತಪ್ಪುತ್ತದೆ.

ಹೀಗೆ ದಾರಿ ತಪ್ಪಿದ್ದಕ್ಕೆ ಆಸ್ಟ್ರೇಲಿಯಾ ಉದಾಹರಣೆ. 2006ರ ತಿದ್ದುಪಡಿಯಲ್ಲಿ ಇಬ್ಬರು ಪೋಷಕರಿಗೂ ಸಮಾನ ಹೊಣೆ ಇರಬೇಕು ಎಂಬ ಪೂರ್ವಭಾವನೆ ಬಂತು, ಅಂದರೆ ಬೇರೆ ಸಾಬೀತಾಗುವವರೆಗೆ ಕೋರ್ಟು ಹಾಗೆಂದೇ ಹಿಡಿದು ಹೊರಡಬೇಕು. ಅದು ದೊಡ್ಡ ತೀರ್ಮಾನಗಳಲ್ಲಿ ಹೊಣೆಯ ಮಾತು. ಆದರೆ ಎಷ್ಟೋ ಜನ ಅದನ್ನು ಮಗುವಿನ ಸಮಯದಲ್ಲಿ ಅರ್ಧ ನನಗೆ, ಅರ್ಧ ನಿನಗೆ ಅಂತ ಅರ್ಥ ಮಾಡಿಕೊಂಡರು. ಹಿಂಸೆ ಇದ್ದ ಮನೆಗಳಲ್ಲೂ ಅದೇ ಲೆಕ್ಕದಲ್ಲಿ ಒತ್ತಡದ ಒಪ್ಪಂದಗಳಾದವು. ಕೊನೆಗೆ 2023ರಲ್ಲಿ ಸಂಸತ್ತು ಆ ಪೂರ್ವಭಾವನೆಯನ್ನು ತೆಗೆದುಹಾಕಿತು. ಅದು 2024ರ ಮೇ 6ರಿಂದ ಜಾರಿಗೆ ಬಂತು. ಇಂಗ್ಲೆಂಡಿನಲ್ಲೂ ಹೀಗೇ. ಇಬ್ಬರೂ ಪೋಷಕರು ಮಗುವಿನ ಬದುಕಿನಲ್ಲಿರುವುದು ಒಳ್ಳೆಯದು ಎಂಬ ಪೂರ್ವಭಾವನೆ 2014ರಲ್ಲಿ ಕಾನೂನಿಗೆ ಬಂತು. ಅದನ್ನು ತೆಗೆಯುತ್ತೇವೆ ಅಂತ 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಹೇಳಿತು. ಒಂದು ಬಣ ಗೆದ್ದಾಗ ಬಂದ ಕಾನೂನು, ಇನ್ನೊಂದು ಬಣ ಗೆದ್ದಾಗ ಹೋಗುತ್ತದೆ. ಆ ನಡುವಿನ ವರ್ಷಗಳಲ್ಲಿ ಒಂದಿಡೀ ತಲೆಮಾರಿನ ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ.

ಒಬ್ಬ ಪೋಷಕರು ಇನ್ನೊಬ್ಬರ ವಿರುದ್ಧ ಮಗುವಿನ ಮನಸ್ಸು ಕೆಡಿಸುತ್ತಾರೆ ಎನ್ನುವ ಆರೋಪದ ವಿಷಯದಲ್ಲೂ ಇದೇ ಎಳೆದಾಟ. 1985ರಲ್ಲಿ ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್‌ನರ್ ಇದಕ್ಕೆ ಒಂದು ಸಿಂಡ್ರೋಮಿನ ಹೆಸರು ಕೊಟ್ಟರು. ಅದನ್ನು ರೋಗ ಅಂತ ವೈದ್ಯಲೋಕ ಒಪ್ಪಲಿಲ್ಲ. ಮಹಿಳೆಯರ ಮೇಲಿನ ಹಿಂಸೆಯನ್ನು ಪರಿಶೀಲಿಸುವ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ ರೀಮ್ ಅಲ್ಸಾಲೆಮ್ 2023ರ ವರದಿಯಲ್ಲಿ, ಹಿಂಸೆಯ ದೂರನ್ನು ಹೊಡೆದುಹಾಕಲು ಈ ವಾದ ಬಳಕೆಯಾಗುತ್ತಿದೆ ಅಂತ ಎಚ್ಚರಿಸಿದರು. ಇನ್ನೊಂದು ಕಡೆ, ಇನ್ನೊಬ್ಬ ಪೋಷಕರ ವಿರುದ್ಧ ಮಗುವಿನ ತಲೆಗೆ ವಿಷ ತುಂಬುವ ಜನ ಇರುವುದೂ ಸತ್ಯ. ಹಣೆಪಟ್ಟಿ ಹಚ್ಚುವ ಮೊದಲು ಈ ಮನೆಯಲ್ಲಿ ಏನು ನಡೆಯಿತು ಅಂತ ಸಾಕ್ಷ್ಯ ನೋಡಬೇಕು. ಮಗು ಅಪ್ಪನ ಬಳಿ ಹೋಗಲ್ಲ ಅಂದರೆ, ಯಾರೋ ಹೇಳಿಕೊಟ್ಟಿರಬಹುದು. ಕಂಡದ್ದಕ್ಕೆ ಹೆದರಿರಲೂಬಹುದು. ತಿಳಿದುಕೊಳ್ಳುವ ಶಾರ್ಟ್‌ಕಟ್ ಇಲ್ಲ.

ಇಲ್ಲೇ ನನಗೆ ಒಂದು ದಾರಿ ಕಾಣುತ್ತದೆ. ಪೂರ್ವಭಾವನೆ ಇರಬೇಕೋ ಬೇಡವೋ ಎಂಬಲ್ಲಿ ಈ ಎರಡು ಬಣ ಒಪ್ಪಲಿಕ್ಕಿಲ್ಲ. ಆದರೆ ಎರಡಕ್ಕೂ ಬೇಕಾದ ಸಂಗತಿಗಳು ಎಷ್ಟೋ ಇವೆ. ಆರೋಪ ಬಂದ ಕೂಡಲೇ ಸತ್ಯಾಂಶ ತೀರ್ಮಾನ ಆಗುವುದು ಇಬ್ಬರಿಗೂ ಬೇಕು. ಆರೋಪ ಸುಳ್ಳಾಗಿದ್ದರೆ, ತೀರ್ಮಾನ ಒಂದು ವರ್ಷ ತಡವಾದಷ್ಟೂ ಒಬ್ಬ ನಿರಪರಾಧಿ ಪೋಷಕರು ಮಗುವಿನಿಂದ ದೂರ. ನಿಜವಾಗಿದ್ದರೆ, ಆ ಒಂದು ವರ್ಷ ಮಗು ಅಪಾಯದಲ್ಲಿ. ಮೇಲ್ವಿಚಾರಣೆ ಇರುವ ಭೇಟಿ ಕೇಂದ್ರಗಳು ಇಬ್ಬರಿಗೂ ಬೇಕು. ಭೇಟಿ ತಪ್ಪದೆ ನಡೆಯಲು ಒಬ್ಬರಿಗೆ, ಭೇಟಿ ಸುರಕ್ಷಿತವಾಗಿರಲು ಇನ್ನೊಬ್ಬರಿಗೆ. ಮಗುವನ್ನು ಮಾತಾಡಿಸುವವರಿಗೆ ಒಳ್ಳೆಯ ತರಬೇತಿ ಇರುವುದು, ಆದೇಶ ಪಾಲನೆ ಆಗುತ್ತಿದೆಯೇ ಅಂತ ಯಾರಾದರೂ ನೋಡುವುದು, ಬಡವರಿಗೂ ವಕೀಲರು ಸಿಗುವುದು ಕೂಡ ಹಾಗೇ. ವಿಶಾಲ ಒಕ್ಕೂಟ ಕಟ್ಟಬೇಕಾದ್ದು ಈ ಪಟ್ಟಿಯ ಮೇಲೆ. ಸಿದ್ಧಾಂತದಲ್ಲಿ ಒಪ್ಪದವರೂ ಒಂದು ಭೇಟಿ ಕೇಂದ್ರ ತೆರೆಯಲು ಒಟ್ಟಿಗೆ ಸಹಿ ಹಾಕಬಹುದು.

ಆದರೆ ಷರತ್ತಿನ ಮಾತು ಮರೆಯಬಾರದು. ಹಿಂಸೆಯ ಸಾಧ್ಯತೆ ಇದೆಯೇ ಎಂಬ ತಪಾಸಣೆ ಮೊದಲ ದಿನವೇ ಆಗಬೇಕು. ಅದು ಮುಗಿಯುವವರೆಗೆ ಯಾರನ್ನೂ ರಾಜಿ ಮೇಜಿಗೆ ಎಳೆಯಬಾರದು. ಒಕ್ಕೂಟಕ್ಕೆ ಬರುವ ಪ್ರತಿಯೊಬ್ಬರೂ ಇಷ್ಟನ್ನು ಒಪ್ಪಿಯೇ ಬರಬೇಕು. ಒಪ್ಪದವರಿಲ್ಲದೆ ಒಕ್ಕೂಟ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ.

ಒಟ್ಟಿಗೆ ಕೆಲಸ ಅಂದರೆ ದಿನನಿತ್ಯದಲ್ಲಿ ಏನು

ಆಸ್ಟ್ರೇಲಿಯಾದಲ್ಲಿ ಫ್ಯಾಮಿಲಿ ಕೋರ್ಟ್ ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುತ್ತದೆ. ಪೊಲೀಸ್ ಮತ್ತು ಮಕ್ಕಳ ರಕ್ಷಣೆ ರಾಜ್ಯಗಳದು. ಮಾಹಿತಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ಬಹಳ ಸರಳ. ರಾಜ್ಯದ ಪೊಲೀಸ್ ಮತ್ತು ಮಕ್ಕಳ ರಕ್ಷಣಾ ಅಧಿಕಾರಿಗಳನ್ನು ಫ್ಯಾಮಿಲಿ ಕೋರ್ಟಿನ ಕಟ್ಟಡದಲ್ಲೇ ಕೂರಿಸಿದರು. ಜೊತೆಗೆ ಲೈಟ್‌ಹೌಸ್ ಎಂಬ ಯೋಜನೆಯಲ್ಲಿ, ಮಕ್ಕಳ ಪ್ರಕರಣ ದಾಖಲಾಗುತ್ತಿದ್ದಂತೆ ಗೋಪ್ಯ ಪ್ರಶ್ನಾವಳಿಯಿಂದ ಅಪಾಯದ ಮಟ್ಟ ಅಳೆದು, ಹೆಚ್ಚು ಅಪಾಯದ ಪ್ರಕರಣಗಳನ್ನು ಪ್ರತ್ಯೇಕ ಪಟ್ಟಿಗೆ ಹಾಕುತ್ತಾರೆ. ಡೆನ್ಮಾರ್ಕ್ 2019ರ ಏಪ್ರಿಲ್‌ನಲ್ಲಿ ಕೌಟುಂಬಿಕ ಪ್ರಕರಣಗಳಿಗೆಂದೇ ಒಂದು ಸಂಸ್ಥೆ ತೆರೆದು, ಬಂದ ಪ್ರಕರಣಗಳನ್ನು ಸರಳ, ಮಧ್ಯಮ, ಜಟಿಲ ಎಂದು ಮೂರು ದಾರಿಗೆ ಹಂಚಿತು. ಅಲ್ಲಿ ಕಾಯುವ ಸಮಯ ಜಾಸ್ತಿಯಾಗಿ ದೂರುಗಳು ಬಂದವು. ಒಳ್ಳೆಯ ವಿನ್ಯಾಸಕ್ಕೂ ಸಾಕಷ್ಟು ಸಿಬ್ಬಂದಿ ಬೇಕೇ ಬೇಕು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಭರವಸೆ ಕೊಡುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಪಾತ್‌ಫೈಂಡರ್ ಪ್ರಯೋಗ. 2020ರ ಸಮಿತಿ ವರದಿಯ ನಂತರ, 2022ರ ಫೆಬ್ರುವರಿಯಲ್ಲಿ ಡಾರ್ಸೆಟ್ ಮತ್ತು ಉತ್ತರ ವೇಲ್ಸ್‌ನಲ್ಲಿ ಶುರುವಾಯಿತು. ಹಳೇ ಪದ್ಧತಿಯಲ್ಲಿ ಮೊದಲು ವಿಚಾರಣೆ, ಆಮೇಲೆ ಬೇಕಾದರೆ ವರದಿ. ಇಲ್ಲಿ ಕ್ರಮ ತಿರುಗಿದೆ. ಮೊದಲೇ ಒಬ್ಬ ಸಮಾಜಕಾರ್ಯಕರ್ತರು ಅಪ್ಪ ಅಮ್ಮ ಇಬ್ಬರನ್ನೂ ಕಾಣುತ್ತಾರೆ. ವಯಸ್ಸು ಮತ್ತು ಪರಿಸ್ಥಿತಿ ನೋಡಿ ಮಗುವನ್ನೂ ಮಾತಾಡಿಸುತ್ತಾರೆ. ಪೊಲೀಸರಿಂದ, ಸ್ಥಳೀಯ ಆಡಳಿತದಿಂದ ಮಾಹಿತಿ ತರಿಸುತ್ತಾರೆ. ಹಿಂಸೆಗೊಳಗಾದವರಿಗೆ ಬೆಂಬಲ ನೀಡುವ ಸಂಸ್ಥೆಗಳು ಜೊತೆಗಿರುತ್ತವೆ. ಎಲ್ಲವೂ ಸೇರಿ, ಈ ಜಗಳ ಈ ಮಗುವಿನ ಮೇಲೆ ಏನು ಪರಿಣಾಮ ಮಾಡಿದೆ ಎಂಬ ಒಂದು ವರದಿ ಆಗುತ್ತದೆ. ಜಡ್ಜ್ ಫೈಲು ತೆರೆದಾಗ ಮೊದಲು ಕಾಣುವುದು ಅದು. ಪ್ರಕರಣಗಳು ಮೊದಲಿಗಿಂತ 11 ವಾರ ಬೇಗ ಮುಗಿಯುತ್ತಿವೆ, ಬಾಕಿ ಅರ್ಧಕ್ಕೆ ಇಳಿದಿದೆ ಅಂತ ಸರ್ಕಾರ ಹೇಳಿದೆ. 2024ರಲ್ಲಿ ಬರ್ಮಿಂಗ್‌ಹ್ಯಾಮ್‌ನಂಥ ದೊಡ್ಡ ನಗರಕ್ಕೂ ಇದನ್ನು ತಂದರು. ಸಣ್ಣ ಊರಿಗೆ ಮಾತ್ರ ಆಗುತ್ತದೆ ಅನ್ನುವ ಸಂಶಯಕ್ಕೆ ಅಲ್ಲಿನ ಅನುಭವ ಒಳ್ಳೆಯ ಪರೀಕ್ಷೆ.

ಮಗುವನ್ನು ಎಷ್ಟು ಸಲ, ಎಷ್ಟು ಜನ ಪ್ರಶ್ನಿಸಬೇಕು ಎನ್ನುವುದೂ ಒಟ್ಟಿಗೆ ಕೂತು ಬಗೆಹರಿಸಬೇಕಾದ ವಿಷಯ. ದೌರ್ಜನ್ಯಕ್ಕೊಳಗಾದ ಮಕ್ಕಳಿಗಾಗಿ ಐಸ್‌ಲ್ಯಾಂಡ್ 1998ರಲ್ಲಿ ಬಾರ್ನಾಹುಸ್ ತೆರೆಯಿತು. ಮಕ್ಕಳ ಮನೆಯಂತಿರುವ ಒಂದು ಜಾಗ. ಪೊಲೀಸ್, ವೈದ್ಯರು, ಮಕ್ಕಳ ರಕ್ಷಣೆಯವರು, ಸರ್ಕಾರಿ ವಕೀಲರು ಎಲ್ಲರೂ ಅಲ್ಲಿಗೇ ಬರುತ್ತಾರೆ. ತರಬೇತಿ ಪಡೆದ ಒಬ್ಬರು ಮಾತ್ರ ಮಗುವಿನ ಜೊತೆ ಮಾತಾಡುತ್ತಾರೆ. ಉಳಿದವರು ಬೇರೆ ಕೋಣೆಯಿಂದ ನೋಡುತ್ತಾರೆ. ಕಸ್ಟಡಿ ಪ್ರಕರಣದ ಮಗುವಿಗೂ ಇಂಥ ಕಾಳಜಿ ಸಲ್ಲಬೇಕು. ಅಮ್ಮನ ವಕೀಲರಿಗೊಮ್ಮೆ, ಅಪ್ಪನ ವಕೀಲರಿಗೊಮ್ಮೆ, ಕೌನ್ಸೆಲರ್‌ಗೊಮ್ಮೆ, ಜಡ್ಜ್‌ಗೊಮ್ಮೆ ಅದೇ ಕಥೆ ಯಾಕೆ ಹೇಳಬೇಕು? ಮಾತಾಡಲು ಇಷ್ಟವಿಲ್ಲದ ಮಗುವನ್ನು ಬಿಟ್ಟುಬಿಡಬೇಕು. ನೀನು ಯಾರ ಜೊತೆ ಇರ್ತೀಯ ಅಂತ ನೇರವಾಗಿ ಕೇಳುವುದಂತೂ ಬೇಡವೇ ಬೇಡ. ಮಗು ಯಾರ ಹೆಸರು ಹೇಳಿದರೂ ಇನ್ನೊಬ್ಬರಿಗೆ ದ್ರೋಹ ಮಾಡಿದೆ ಅನ್ನುವ ಭಾರ ಹೊತ್ತುಕೊಳ್ಳುತ್ತದೆ.

ಈ ಕೋರ್ಟುಗಳನ್ನು ದಾಟಿ ಬಂದ ಮಕ್ಕಳನ್ನೇ ಸುಧಾರಣೆಯ ಮೇಜಿಗೆ ಕರೆಯಬಹುದು. ಇಂಗ್ಲೆಂಡಿನಲ್ಲಿ ಅಂಥ ಮಕ್ಕಳು ಮತ್ತು ಯುವಜನರ ಒಂದು ಮಂಡಳಿಯೇ ಇದೆ. ನ್ಯಾಯಾಧೀಶರಿಗೆ, ಸಮಾಜಕಾರ್ಯಕರ್ತರಿಗೆ ಏನು ಮಾಡಬೇಕು, ಏನು ಮಾಡಬಾರದು ಅಂತ ಅವರೇ ಹೇಳುತ್ತಾರೆ.

ಭಾರತದ ಕಾನೂನಿನಲ್ಲಿ ಮೊದಲೇ ಇರುವ ಬಾಗಿಲು

ಭಾರತದ 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆ ಓದಿದರೆ ಆಶ್ಚರ್ಯವಾಗುತ್ತದೆ. ಈ ಲೇಖನದಲ್ಲಿ ಹೇಳಿದ್ದರಲ್ಲಿ ಎಷ್ಟೋ ಅದರಲ್ಲೇ ಇದೆ. ಸಮಾಜಸೇವಕಿ ದುರ್ಗಾಬಾಯಿ ದೇಶಮುಖ್ 1950ರ ದಶಕದಲ್ಲೇ ಇಂಥ ಕೋರ್ಟ್ ಬೇಕು ಅಂದಿದ್ದರು. 1974ರಲ್ಲಿ ಕಾನೂನು ಆಯೋಗದ 59ನೇ ವರದಿ, ಕೌಟುಂಬಿಕ ವ್ಯಾಜ್ಯಗಳನ್ನು ಸಿವಿಲ್ ದಾವೆಗಳಂತೆ ನಡೆಸಬೇಡಿ ಅಂದಿತ್ತು. ಅದರ ಫಲವಾಗಿ ಬಂದ ಕಾಯ್ದೆಯ 5ನೇ ಕಲಂ, ಸಮಾಜ ಕಲ್ಯಾಣದಲ್ಲಿ ತೊಡಗಿದ ಸಂಸ್ಥೆಗಳನ್ನು, ಕುಟುಂಬದ ಒಳಿತಿಗಾಗಿ ಕೆಲಸ ಮಾಡುವ ವೃತ್ತಿಪರರನ್ನು ಕೋರ್ಟಿನ ಜೊತೆ ಸೇರಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶ ಕೊಡುತ್ತದೆ. 6ನೇ ಕಲಂ ಕೌನ್ಸೆಲರ್‌ಗಳ ಬಗ್ಗೆ. 9ನೇ ಕಲಂ ರಾಜಿಗೆ ಪ್ರಯತ್ನಿಸುವುದು ಕೋರ್ಟಿನ ಕರ್ತವ್ಯ ಅನ್ನುತ್ತದೆ. 12ನೇ ಕಲಂ ವೈದ್ಯರ, ಕಲ್ಯಾಣ ತಜ್ಞರ ನೆರವು ಪಡೆಯಲು ಬಿಡುತ್ತದೆ. ಅಂದರೆ ಒಟ್ಟಿಗೆ ಕೆಲಸ ಮಾಡಲು ಹೊಸ ಕಾನೂನಿಗೆ ಕಾಯಬೇಕಿಲ್ಲ.

ಆದರೆ 5ನೇ ಕಲಂ ಅನ್ನು ಬಳಸುವುದು ಬಿಡುವುದು ರಾಜ್ಯಗಳ ಇಚ್ಛೆ. ಕೌನ್ಸೆಲರ್ ಹುದ್ದೆಗಳು ಎಷ್ಟೋ ಕಡೆ ಕಾಟಾಚಾರಕ್ಕೆ ಉಳಿದಿವೆ. ಅಲ್ಲದೆ ಈ ಕಾಯ್ದೆ ಮದುವೆ ಉಳಿಸುವುದಕ್ಕೂ ಮಗುವಿನ ಹಿತಕ್ಕೂ ಒಟ್ಟಿಗೇ ಒತ್ತು ಕೊಡುತ್ತದೆ. ಹಿಂಸೆ ಇರುವ ಮನೆಯಲ್ಲಿ ಇವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಆಗ ಮಗುವಿನ ಕಡೆ ನಿಲ್ಲಬೇಕು. 2015ರ ಮೇ ತಿಂಗಳಲ್ಲಿ, ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷರಾಗಿದ್ದ ಕಾನೂನು ಆಯೋಗ 257ನೇ ವರದಿಯಲ್ಲಿ ಜಂಟಿ ಕಸ್ಟಡಿ, ಮಧ್ಯಸ್ಥಿಕೆ, ಪೋಷಣೆಯ ಲಿಖಿತ ಯೋಜನೆ, ಭೇಟಿಯ ಮಾರ್ಗಸೂಚಿ ಎಲ್ಲವನ್ನೂ ಶಿಫಾರಸು ಮಾಡಿತು. ಕಾನೂನಾಗಿ ಬರಲಿಲ್ಲ. 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಬ್ಬರು ಪೋಷಕರ ಪ್ರೀತಿಯೂ ಮಗುವಿನ ಹಕ್ಕು, ಭೇಟಿ ಕಷ್ಟವಾದರೆ ವಿಡಿಯೊ ಕರೆಯಲ್ಲಾದರೂ ಸಂಪರ್ಕ ಇರಲಿ ಅಂದಿತು. ತೀರ್ಪು ಒಳ್ಳೆಯದು. ಆ ಕರೆ ಪ್ರತಿ ವಾರ ನಿಜವಾಗಿ ಆಗುತ್ತಿದೆಯೇ, ಕರೆಯ ಹೊತ್ತಿಗೆ ಮಗು ಹೆದರಿ ನಡುಗುತ್ತಿಲ್ಲ ತಾನೇ ಅಂತ ನೋಡಲು ಮಾತ್ರ ಕೋರ್ಟಿನ ಹೊರಗೆ ಯಾರಾದರೂ ಬೇಕು. 5ನೇ ಕಲಮಿನಲ್ಲಿ ಹೇಳಿದ ಸಂಸ್ಥೆಗಳು ಇರುವುದು ಇದಕ್ಕೇ.

ಎಣಿಸುವುದು ಏನನ್ನು

ಕೋರ್ಟುಗಳು ಎಷ್ಟು ಪ್ರಕರಣ ಇತ್ಯರ್ಥವಾಯಿತು ಅಂತ ಎಣಿಸುತ್ತವೆ. ಆದೇಶವಾದ ಒಂದು ವರ್ಷಕ್ಕೆ ಮಗು ಹೇಗಿದೆ ಅಂತ ಎಣಿಸುವ ಕೋರ್ಟು ಅಪರೂಪ. ಆದರೆ ಹಾಗೆ ನೋಡಿದಾಗಲೇ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದು. ಅಮೆರಿಕದ ವರ್ಜೀನಿಯಾದಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಎಮರಿ ಮತ್ತು ಜೊತೆಗಾರರು ಕಸ್ಟಡಿ ಜಗಳಕ್ಕೆ ಕೋರ್ಟಿಗೆ ಬಂದ ಕುಟುಂಬಗಳನ್ನು ಎರಡು ಗುಂಪು ಮಾಡಿದ್ದರು. ಕೆಲವರಿಗೆ ಮಧ್ಯಸ್ಥಿಕೆ, ಉಳಿದವರಿಗೆ ಮಾಮೂಲಿ ಕೋರ್ಟ್ ದಾರಿ. ಮಧ್ಯಸ್ಥಿಕೆ ನಡೆದದ್ದು ಸರಾಸರಿ ಐದಾರು ಗಂಟೆ ಮಾತ್ರ. ಹನ್ನೆರಡು ವರ್ಷದ ಮೇಲೆ ಮತ್ತೆ ಹೋಗಿ ಕೇಳಿದರು. ಮಧ್ಯಸ್ಥಿಕೆಗೆ ಹೋಗಿದ್ದ ಗುಂಪಿನಲ್ಲಿ, ಮಗುವಿನ ಜೊತೆ ವಾಸವಿಲ್ಲದ ಪೋಷಕರಲ್ಲಿ ಶೇ. 28ರಷ್ಟು ಮಂದಿ ವಾರಕ್ಕೊಮ್ಮೆಯಾದರೂ ಮಗುವನ್ನು ನೋಡುತ್ತಿದ್ದರು. ಕೋರ್ಟಿನಲ್ಲಿ ಹೋರಾಡಿದವರಲ್ಲಿ ಶೇ. 9. ಇದು ಎಲ್ಲ ಪ್ರಕರಣಕ್ಕೂ ಔಷಧವಲ್ಲ, ಹಿಂಸೆ ಇರುವಲ್ಲಿ ಬೇರೆ ದಾರಿಯೇ ಬೇಕು. ಆದರೆ ಐದಾರು ಗಂಟೆಯ ಕೆಲಸ ಹನ್ನೆರಡು ವರ್ಷ ಬಾಳಿತು ಅಂತ ತಿಳಿದದ್ದು ಯಾರೋ ವಾಪಸ್ ಹೋಗಿ ಕೇಳಿದ್ದರಿಂದ.

ಪಾತ್‌ಫೈಂಡರ್ ವಿನ್ಯಾಸದಲ್ಲಿ, ಆದೇಶವಾದ ಕೆಲ ತಿಂಗಳ ಮೇಲೆ ಕುಟುಂಬವನ್ನು ಮತ್ತೆ ವಿಚಾರಿಸುವ ಒಂದು ಹಂತ ಇಟ್ಟಿದ್ದಾರೆ. ಬೇರೆ ಕೋರ್ಟುಗಳೂ ಇದನ್ನು ನಾಳೆಯೇ ಶುರು ಮಾಡಬಹುದು. ಜಡ್ಜ್‌ಗೆ ಪುರುಸೊತ್ತಿಲ್ಲದಿದ್ದರೆ ಸಮಾಜಕಾರ್ಯ ಓದುವ ಕಾಲೇಜು, ಮಕ್ಕಳ ಕಲ್ಯಾಣ ಕಚೇರಿ, ಒಂದು ಸೇವಾ ಸಂಸ್ಥೆ, ವಕೀಲರ ಸಂಘ ಸೇರಿ ಹಂಚಿಕೊಳ್ಳಬಹುದು. ಆರು ತಿಂಗಳಿಗೊಮ್ಮೆ, ಹೆಸರು ಗೋಪ್ಯವಾಗಿಟ್ಟು, ಕೆಲವು ಸಣ್ಣ ಪ್ರಶ್ನೆ ಕೇಳಿದರೆ ಸಾಕು. ಮಗು ಶಾಲೆಗೆ ಸರಿಯಾಗಿ ಹೋಗುತ್ತಿದೆಯೇ? ರಾತ್ರಿ ನಿದ್ದೆ ಬರುತ್ತಿದೆಯೇ? ಆದೇಶದಲ್ಲಿದ್ದ ಭೇಟಿಗಳಲ್ಲಿ ಎಷ್ಟು ನಡೆದವು, ನಡೆಯದಿದ್ದರೆ ಯಾಕೆ? ಆ ಉತ್ತರಗಳನ್ನು ಒಟ್ಟು ಮಾಡಿ, ಆದೇಶ ಬರೆದ ಜಡ್ಜ್‌ಗೂ, ವಾದಿಸಿದ ವಕೀಲರಿಗೂ, ಎರಡೂ ಬಣದ ಸಂಘಟನೆಗಳಿಗೂ ಒಂದೇ ದಿನ ಕೊಡಬೇಕು. ಮುಂದಿನ ಚರ್ಚೆ ಆ ಕಾಗದದಿಂದ ಶುರುವಾಗಲಿ.